ಬೋರ್ಡಿನ ಮೇಲಿನ ‘ರಿ.’ ಸಾಲದು: ಯುವಕ ಸಂಘವನ್ನು ಗಟ್ಟಿ ಮಾಡುವ ಹಂತಗಳು

ಕರಾವಳಿಯ ಯಾವ ಊರಿಗೆ ಹೋದರೂ ಬಸ್ಸು ನಿಲ್ಲುವ ಕಡೆ ಒಂದು ತಗಡಿನ ಬೋರ್ಡು ಕಾಣುತ್ತದೆ. ಯುವಕ ಮಂಡಲದ ಹೆಸರು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ರಿ.’, ಕೆಳಗೆ ಸ್ಥಾಪನೆಯ ಇಸವಿ. ಘಟ್ಟ ಹತ್ತಿದರೆ ಅದೇ ಯುವಕ ಸಂಘವಾಗುತ್ತದೆ, ಇನ್ನೂ ಮುಂದೆ ಹೋದರೆ ತರುಣ ಸಂಘ, ಗೆಳೆಯರ ಬಳಗ. ಬೋರ್ಡು ಇದ್ದಲ್ಲೆಲ್ಲ ಸಂಘ ಇದೆ ಎಂದು ನಂಬಬೇಡಿ. ಎಷ್ಟೋ ಕಡೆ ಉಳಿದಿರುವುದು ಬೋರ್ಡು ಮತ್ತು ಅದರ ನೆರಳಿನಲ್ಲಿ ಮಲಗುವ ನಾಯಿ, ಅಷ್ಟೇ. ಇದನ್ನು ಹೇಳಿ ನಗುವ ಹಕ್ಕು ನನಗಿಲ್ಲ. ಒಂದು ಯುವಕ ಮಂಡಲಕ್ಕೆ ಆರು ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಏನು ಮಾಡಿಟ್ಟೆ ಎನ್ನುವುದು ಆರನೇ ಹಂತದಲ್ಲಿ ಬರುತ್ತದೆ.

ಹೊಸದಾಗಿ ಸಂಘ ಕಟ್ಟುವವರಿಗೂ, ಅಣ್ಣಂದಿರು ಬಿಟ್ಟುಹೋದದ್ದನ್ನು ಎತ್ತಿ ನಿಲ್ಲಿಸಬೇಕೆಂದಿರುವವರಿಗೂ ಈ ಬರಹ. ‘ನಾವು ಇಷ್ಟೆಲ್ಲ ಮಾಡಿದೆವು, ಯಾರೂ ಗುರುತಿಸಲಿಲ್ಲ’ ಎಂಬ ಮಾತನ್ನು ಪ್ರತಿಯೊಂದು ಸಂಘದಲ್ಲೂ ಕೇಳಿದ್ದೇನೆ. ಮಾಡಿದ್ದು ನಿಜ. ಆದರೆ ಎಲ್ಲಿ ಬರೆದಿಟ್ಟಿದ್ದೀರಿ ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹಂತ 1: ಮೊದಲು ಕೆಲಸ, ಆಮೇಲೆ ಹೆಸರು

ಹೆಸರು, ಲಾಂಛನ, ಟೀ ಶರ್ಟಿನ ಬಣ್ಣ ಇವುಗಳಿಗೆ ಮೂರು ತಿಂಗಳು ರಜೆ ಕೊಡಿ. ಆ ಮೂರು ತಿಂಗಳಲ್ಲಿ ಒಂದೇ ಒಂದು ಸಣ್ಣ ಕೆಲಸ ಹಿಡಿದು ಮುಗಿಸಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವುದಿರಬಹುದು, ಶಾಲೆಯ ಬಾವಿಗೆ ಬಲೆ ಹಾಕುವುದಿರಬಹುದು, ಊರಿನ ರಕ್ತದ ಗುಂಪುಗಳ ಪಟ್ಟಿ ಮಾಡುವುದಿರಬಹುದು. ಮೂರನೇ ತಿಂಗಳ ಕೊನೆಗೂ ಬರುತ್ತಿರುವವರು ಯಾರೋ ಅವರೇ ನಿಮ್ಮ ಸಂಘ. ಮೊದಲ ದಿನ ಬಂದ ನಲವತ್ತು ಜನ ಅಲ್ಲ.

ನಮ್ಮಲ್ಲಿ ಹೆಸರು ಮಾಡಿದ ಸಂಸ್ಥೆಗಳೂ ಹೀಗೆ ಸಣ್ಣದರಿಂದಲೇ ಎದ್ದವು. ಹೆಗ್ಗೋಡಿನ ನೀನಾಸಂ 1949ರಲ್ಲಿ ಶುರುವಾದಾಗ ಕೆ. ವಿ. ಸುಬ್ಬಣ್ಣ 17 ವರ್ಷದ ಹುಡುಗ. ಹಳ್ಳಿಯಲ್ಲಿ ನಾಟಕ ಆಡಬೇಕೆಂಬ ನಾಲ್ಕು ಜನರ ಹುಚ್ಚು ಅದು. ಮ್ಯಾಗ್ಸೆಸೆ ಪ್ರಶಸ್ತಿ ಸುಬ್ಬಣ್ಣನವರ ಮನೆಬಾಗಿಲಿಗೆ ಬಂದದ್ದು 1991ರಲ್ಲಿ, ನಲವತ್ತೆರಡು ವರ್ಷ ಬಿಟ್ಟು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು 1984ರಲ್ಲಿ ಕಟ್ಟಿದವರು ಆರ್. ಬಾಲಸುಬ್ರಮಣ್ಯಂ ಮತ್ತು ಅವರ ಜೊತೆಗಾರರು, ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದವರು. ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಆಸ್ಪತ್ರೆ, ಶಾಲೆ ಎಲ್ಲ ಆಮೇಲಿನ ಮಾತು.

ಹಂತ 2: ಯಾರು ಬರುತ್ತಾರೆ ಎನ್ನುವುದನ್ನು ಕೂರುವ ಜಾಗ ತೀರ್ಮಾನಿಸುತ್ತದೆ

ರಾತ್ರಿ ಎಂಟಕ್ಕೆ ಗೂಡಂಗಡಿಯ ಮುಂದೆ ಸಭೆ ಸೇರಿಸಿ ‘ಹುಡುಗಿಯರು ಬರುವುದೇ ಇಲ್ಲ’ ಎಂದು ಹೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಭಾನುವಾರ ಸಂಜೆ ನಾಲ್ಕಕ್ಕೆ ಶಾಲೆಯ ಜಗಲಿಯಲ್ಲೋ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲೋ ಕೂರಿ. ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ, ಅಲ್ಲಿ ನೋಡಿಕೊಳ್ಳುವವರಿಗೂ ನಾಲ್ಕು ಜನ ಬಂದರೆ ಸಂತೋಷ. ಜಾಗ ಬದಲಾದರೆ ಹಾಜರಿಯೂ ಬದಲಾಗುತ್ತದೆ. ಹುಡುಗಿಯರು ಬಂದ ಮೇಲೆ ಅವರಿಗೆ ರಂಗೋಲಿ ಸ್ಪರ್ಧೆಯ ಹೊಣೆ ಮಾತ್ರ ಕೊಡಬೇಡಿ, ಖಜಾಂಚಿ ಮಾಡಿ.

ವಯಸ್ಸಿನ ವಿಷಯ. 2003ರ ರಾಷ್ಟ್ರೀಯ ಯುವ ನೀತಿ 13ರಿಂದ 35 ವರ್ಷದವರನ್ನು ಯುವಜನರೆಂದಿತ್ತು, 2014ರ ನೀತಿ ಅದನ್ನು 15ರಿಂದ 29ಕ್ಕೆ ಇಳಿಸಿತು. ಸಂಘದ ನಿಯಮದಲ್ಲಿ ನೀವೇ ಒಂದು ಮಿತಿ ಬರೆದುಕೊಳ್ಳಿ. 35 ದಾಟಿದವರು ಸಲಹೆಗಾರರು, ಮತ ಹಾಕುವಂತಿಲ್ಲ ಎಂದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಐವತ್ತೆರಡು ವರ್ಷದ ಅಧ್ಯಕ್ಷರಿರುವ ಯುವಕ ಸಂಘವಾಗುತ್ತದೆ. ಅಂಥವು ಬೇಕಾದಷ್ಟಿವೆ. 18 ತುಂಬದವರು ಕಾಗದಪತ್ರಗಳಿಗೆ ಸಹಿ ಹಾಕುವ ಹಾಗಿಲ್ಲ, ಕೆಲಸದಲ್ಲಿ ಸೇರಿಸಿಕೊಳ್ಳಲು ಅಡ್ಡಿಯಿಲ್ಲ.

ಹಂತ 3: ನಡಾವಳಿ ಪುಸ್ತಕ

ಇಡೀ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಇನ್ನೂರು ಪುಟದ, ಗಟ್ಟಿ ರಟ್ಟಿನ ಒಂದು ಪುಸ್ತಕ ತನ್ನಿ. ಪುಟಗಳಿಗೆ ನಂಬರು ಹಾಕಿ. ಬಿಡಿ ಹಾಳೆ ಬೇಡ, ವಾಟ್ಸಾಪ್ ಗುಂಪೂ ಬೇಡ. ಮೊಬೈಲು ಕೆಟ್ಟ ದಿನ ಗುಂಪಿನಲ್ಲಿದ್ದದ್ದೂ ಹೋಗುತ್ತದೆ.

ಬರೆಯುವುದು ಹೇಗೆ? ‘ಸಭೆಯಲ್ಲಿ ಅನೇಕ ವಿಷಯಗಳನ್ನು ಕೂಲಂಕಷವಾಗಿ ಚರ್ಚಿಸಲಾಯಿತು, ವಂದನಾರ್ಪಣೆಯೊಂದಿಗೆ ಮುಕ್ತಾಯವಾಯಿತು’ ಎಂದು ಬರೆದರೆ ಶಾಯಿ ದಂಡ. ಹೀಗೆ ಬರೆಯಿರಿ:

‘ಮೇ 12, ಭಾನುವಾರ, ಸಂಜೆ 4. ಸ್ಥಳ: ಶಾಲೆಯ ಜಗಲಿ. ಹಾಜರಿ 11 (ಸಹಿ ಕೆಳಗಿದೆ). ಶಾಲೆಯ ಬಾವಿಗೆ ಬಲೆ ಹಾಕುವುದೆಂದು ತೀರ್ಮಾನ. ಅಂದಾಜು ₹3,800. ಸಂಘದಿಂದ ₹2,000, ಉಳಿದದ್ದು ಹಳೆ ವಿದ್ಯಾರ್ಥಿಗಳಿಂದ. ಹೊಣೆ: ಖಜಾಂಚಿ ಮತ್ತು ಇಬ್ಬರು ಸದಸ್ಯರು. ಜೂನ್ 1ರೊಳಗೆ.’

ಯಾವಾಗ, ಎಷ್ಟು ಜನ, ಏನು ತೀರ್ಮಾನ, ಎಷ್ಟು ದುಡ್ಡು, ಯಾರ ಹೊಣೆ, ಯಾವ ದಿನದೊಳಗೆ. ಇಷ್ಟೇ. ಮುಂದಿನ ಸಭೆ ಶುರುವಾಗುವುದೇ ಹಿಂದಿನ ಪುಟ ಓದುವುದರಿಂದ. ಬಲೆ ಹಾಕಿಲ್ಲವಾದರೆ ಅದನ್ನೂ ಬರೆಯಿರಿ, ‘ಆಗಿಲ್ಲ, ಕಾರಣ ಮಳೆ’ ಎಂದು. ನಾಚಿಕೆಯ ವಿಷಯವಲ್ಲ. ಎಲ್ಲ ಕೆಲಸವೂ ಆಗಿದೆ ಎಂದಿರುವ ನಡಾವಳಿ ಪುಸ್ತಕವನ್ನು ನೋಡಿದ ಕೂಡಲೇ ಅದು ಒಂದೇ ರಾತ್ರಿ ಕೂತು ಬರೆದದ್ದೆಂದು ಗೊತ್ತಾಗುತ್ತದೆ, ಶಾಯಿಯ ಬಣ್ಣವೂ ಒಂದೇ ಇರುತ್ತದೆ.

ಜೊತೆಗೆ ಪ್ರತಿ ಕಾರ್ಯಕ್ರಮಕ್ಕೂ ಒಂದು ಪುಟದ ವರದಿ ಮತ್ತು ಎರಡು ಫೋಟೊ. ಒಂದು ಫೋಟೊ ಕೆಲಸಕ್ಕೆ ಮುಂಚಿನದು, ಒಂದು ಮುಗಿದ ಮೇಲಿನದು. ಶಾಲು ಹೊದಿಸುವ ಫೋಟೊ ಹೇಗೂ ಯಾರಾದರೂ ತೆಗೆದಿರುತ್ತಾರೆ.

ಹಂತ 4: ನೋಂದಣಿ

ಕರ್ನಾಟಕದಲ್ಲಿ ಸಂಘಗಳು ನೋಂದಣಿಯಾಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಕನಿಷ್ಠ 7 ಜನ ಬೇಕು. ಹೋಗಬೇಕಾದದ್ದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಲ್ಲಿಗೆ, ಅಂದರೆ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ. ಜಾಗದ ಪತ್ರ ಮಾಡಿಸುವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಲು ನಿಂತು ಅರ್ಧ ದಿನ ಕಳೆದವರಿದ್ದಾರೆ.

ಬೇಕಾಗುವುದು: ಸಂಘದ ಉದ್ದೇಶಗಳ ಜ್ಞಾಪನ ಪತ್ರ, ನಿಯಮ ನಿಬಂಧನೆ ಅಂದರೆ ಬೈಲಾ, ಪದಾಧಿಕಾರಿಗಳ ಹೆಸರು, ವಿಳಾಸ, ಉದ್ಯೋಗ, ಗುರುತಿನ ಚೀಟಿಗಳು, ಸಂಘದ ವಿಳಾಸಕ್ಕೆ ಪುರಾವೆ, ಶುಲ್ಕ. ಯಾರದ್ದೋ ಮನೆಯ ವಿಳಾಸವಾದರೆ ಮನೆಯವರ ಒಪ್ಪಿಗೆ ಪತ್ರ. ಹೆಸರು ಬೇರೆಯವರು ಇಟ್ಟುಕೊಂಡದ್ದಾದರೆ ಸಿಗುವುದಿಲ್ಲ, ಮೂರು ಹೆಸರು ಯೋಚಿಸಿಕೊಂಡು ಹೋಗಿ.

ಎರಡು ಕಡೆ ಜಾಗ್ರತೆ. ಉದ್ದೇಶದಲ್ಲಿ ‘ಕ್ರೀಡೆ’ ಎಂದಷ್ಟೇ ಬರೆದರೆ ನಾಳೆ ಆರೋಗ್ಯ ಶಿಬಿರಕ್ಕೆ ನೆರವು ಕೇಳುವಾಗ ತೊಡಕಾಗುತ್ತದೆ. ಶಿಕ್ಷಣ, ಆರೋಗ್ಯ, ಪರಿಸರ, ಕಲೆ ಎಲ್ಲ ಸೇರಿಸಿ. ಇನ್ನೊಂದು, ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಸಂಘ ಮುಚ್ಚಿದರೆ ಉಳಿದ ಆಸ್ತಿ ಅಂಥದ್ದೇ ಇನ್ನೊಂದು ಸಂಘಕ್ಕೆ ಎಂಬ ಸಾಲು ಇರಲಿ. ಮುಂದೆ ಆದಾಯ ತೆರಿಗೆಯ 12ಎ, 80ಜಿ ಬೇಕೆನಿಸಿದಾಗ ಮೊದಲು ನೋಡುವುದು ಆ ಸಾಲನ್ನೇ. ಪೇಟೆಯಲ್ಲಿ ಸಿಗುವ ಬೈಲಾದ ಜೆರಾಕ್ಸನ್ನು ಹಾಗೆಯೇ ಸಹಿ ಹಾಕಿ ಕೊಡಬೇಡಿ, ಎಲ್ಲರೂ ಕೂತು ಒಮ್ಮೆ ಗಟ್ಟಿಯಾಗಿ ಓದಿ.

ಹಂತ 5: ದುಡ್ಡು

ಸಂಘದ ಹೆಸರಿನಲ್ಲಿ ಪಾನ್ ಕಾರ್ಡು, ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಇಬ್ಬರ ಜಂಟಿ ಸಹಿ. ಹಿಂದೆ ಜಗಳ ಬರುತ್ತಿದ್ದದ್ದು ರಸೀದಿ ಪುಸ್ತಕದಿಂದ, ಈಗ ಬರುವುದು ಕ್ಯೂಆರ್ ಕೋಡಿನಿಂದ. ಕಬಡ್ಡಿ ಪಂದ್ಯದ ಫ್ಲೆಕ್ಸಿನಲ್ಲಿ ಖಜಾಂಚಿಯ ಸ್ವಂತ ಫೋನಿನ ಕ್ಯೂಆರ್ ಹಾಕಿದರೆ ಅವನು ಎಷ್ಟೇ ಪ್ರಾಮಾಣಿಕನಿರಲಿ, ಊರು ಮಾತಾಡುತ್ತದೆ. ಅವನ ಅಮ್ಮನ ಔಷಧಿಯ ದುಡ್ಡೂ ಸಂಘದ ದುಡ್ಡೂ ಒಂದೇ ಖಾತೆಯಲ್ಲಿ ಕಲಸಿಹೋದ ಮೇಲೆ ಬೇರ್ಪಡಿಸಲು ಬ್ರಹ್ಮನಿಗೂ ಆಗದು. ಗಣೇಶೋತ್ಸವ, ಮೊಸರು ಕುಡಿಕೆಯ ಲೆಕ್ಕವನ್ನು ಬೇರೆಯೇ ಇಡಿ, ಹಬ್ಬ ಕಳೆದ ಹದಿನೈದು ದಿನದೊಳಗೆ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ.

ಗಲ್ಫಿನಲ್ಲಿರುವ ಅಣ್ಣಂದಿರ ದೇಣಿಗೆ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಚಿಕ್ಕಪ್ಪನ ಹಣ ವಿದೇಶಿಯೇ, ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಮುಟ್ಟಬೇಡಿ. ಕಳಿಸುವವರಿಗೆ ಬೇಸರವಾಗದ ಹಾಗೆ ಮೊದಲೇ ಹೇಳಿಬಿಡಿ.

ಹಂತ 6: ವರ್ಷಕ್ಕೊಮ್ಮೆಯ ಕಾಗದ

ಇಲ್ಲಿಗೆ ಬಂತು ನನ್ನ ಕಥೆ. ವರ್ಷಕ್ಕೊಮ್ಮೆ ಮಹಾಸಭೆ ನಡೆಸಬೇಕು, ಅದಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿಯನ್ನೂ ಪರಿಶೋಧನೆಯಾದ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜನರ ಬಾಯಲ್ಲಿ ಇದಕ್ಕೆ ‘ರಿನ್ಯೂವಲ್’ ಎಂದು ಹೆಸರು. ನನಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ‘ಮುಂದಿನ ತಿಂಗಳು ಮಾಡಿದರಾಯಿತು’ ಎಂದುಕೊಂಡಿದ್ದೆ. ಆ ಮುಂದಿನ ತಿಂಗಳು ಐದು ವರ್ಷ ಬರಲಿಲ್ಲ. ಕಬಡ್ಡಿ ಮ್ಯಾಟಿಗೆ ನೆರವು ಸಿಗುವ ಹೊತ್ತಿಗೆ ಇತ್ತೀಚಿನ ವರ್ಷಗಳ ಕಾಗದ ಕೇಳಿದರು. ನನ್ನಲ್ಲಿದ್ದದ್ದು ನೋಂದಣಿ ಪ್ರಮಾಣಪತ್ರ ಮಾತ್ರ, ಅದೂ ಫ್ರೇಮು ಹಾಕಿಸಿದ್ದು. ಮ್ಯಾಟು ಬೇರೆ ಊರಿಗೆ ಹೋಯಿತು. ಐದು ವರ್ಷದ ಲೆಕ್ಕ ಹುಡುಕಿ, ದಂಡ ಕಟ್ಟಿ ಸರಿಮಾಡುವಷ್ಟರಲ್ಲಿ ನಮ್ಮ ತಂಡದ ಒಳ್ಳೆಯ ರೈಡರ್ ಇಬ್ಬರೂ ಕೆಲಸ ಹುಡುಕಿಕೊಂಡು ಬೆಂಗಳೂರು ಸೇರಿದ್ದರು.

ಏಪ್ರಿಲ್‌ನಲ್ಲಿ ಲೆಕ್ಕ ಮುಗಿಸಿ, ಮೇ ಜೂನ್‌ನಲ್ಲಿ ಆಡಿಟ್ ಮಾಡಿಸಿ, ಆಗಸ್ಟಿನೊಳಗೆ ಮಹಾಸಭೆ ಎಂದು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.

ಹಂತ 7: ಮಾನ್ಯತೆ, ಹತ್ತಿರದಿಂದ ದೂರಕ್ಕೆ

ಎಲ್ಲರಿಗೂ ಮೊದಲು ಪ್ರಶಸ್ತಿಯ ಕಡೆಗೇ ಕಣ್ಣು. ಪ್ರಶಸ್ತಿ ಕೊನೆಯ ಮೆಟ್ಟಿಲು. ಮೊದಲನೆಯದು ಗ್ರಾಮ ಪಂಚಾಯಿತಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕೆಂದು ಕಾನೂನಿದೆ. ಅಲ್ಲಿಗೆ ಒಂದು ಪುಟದ ವರದಿ ಹಿಡಿದುಕೊಂಡು ಹೋಗಿ, ಓದಿ, ಪಿಡಿಒ ಅವರಿಗೆ ಕೊಟ್ಟು, ಸಭೆಯ ನಡಾವಳಿಯಲ್ಲಿ ಸೇರಿಸಲು ಕೇಳಿ. ಎರಡು ವರ್ಷ ಹೀಗೆ ಮಾಡಿದರೆ ಮೂರನೇ ವರ್ಷ ಅವರೇ ಫೋನು ಮಾಡುತ್ತಾರೆ.

ಆಮೇಲೆ ಜಿಲ್ಲಾ ಕೇಂದ್ರ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ ಸಂಘದ ಹೆಸರು ದಾಖಲಿಸಿ. ಕೇಂದ್ರ ಸರ್ಕಾರದ ಕಡೆಯಿಂದ ಊರಿನ ಸಂಘಗಳನ್ನು ಮಾತಾಡಿಸುತ್ತಿದ್ದದ್ದು ನೆಹರು ಯುವ ಕೇಂದ್ರ. 1972ರಲ್ಲಿ ಹುಟ್ಟಿದ್ದು, 1987ರಲ್ಲಿ ಸ್ವಾಯತ್ತ ಸಂಘಟನೆಯಾದದ್ದು. 2023ರ ಅಕ್ಟೋಬರ್ 31ರಂದು ‘ಮೇರಾ ಯುವ ಭಾರತ್’ ಶುರುವಾಯಿತು, ಈಗ ಸದಸ್ಯರು ತಮ್ಮ ಹೆಸರು ನೋಂದಾಯಿಸುವುದು ಅದರ ಜಾಲತಾಣದಲ್ಲಿ. ನೀತಿ ಆಯೋಗದ ‘ದರ್ಪಣ್’ ತಾಣದಲ್ಲಿ ಸಂಘದ ನಂಬರು ಪಡೆಯಿರಿ, ಕೇಂದ್ರದ ಅನುದಾನಕ್ಕೆ ಕೇಳುತ್ತಾರೆ. ಕಂಪನಿಗಳ ಸಿಎಸ್‌ಆರ್ ಹಣ ಬೇಕಾದರೆ 12ಎ, 80ಜಿ ಮತ್ತು ಸಿಎಸ್‌ಆರ್‌-1 ನೋಂದಣಿ ಬೇಕು. ಮೊದಲ ಎರಡು ವರ್ಷ ಅದರ ಗೊಡವೆಗೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ದೊಡ್ಡ ದುಡ್ಡು ಬಂದ ಮೇಲೆ ಒಡೆದ ಸಂಘಗಳೇ ಹೆಚ್ಚು.

ಪ್ರತಿವರ್ಷ ಜನವರಿ 12ರ ವಿವೇಕಾನಂದ ಜಯಂತಿಯ ಆಸುಪಾಸಿನಲ್ಲಿ ರಾಷ್ಟ್ರೀಯ ಯುವಜನೋತ್ಸವ ನಡೆಯುತ್ತದೆ, 2023ರಲ್ಲಿ ಹುಬ್ಬಳ್ಳಿ-ಧಾರವಾಡದಲ್ಲೇ ನಡೆಯಿತು. ಅದರ ಕೆಳಗಿನ ಮೆಟ್ಟಿಲುಗಳು ಜಿಲ್ಲೆ ಮತ್ತು ರಾಜ್ಯ ಮಟ್ಟದ ಉತ್ಸವಗಳು. ಡೊಳ್ಳು, ಕೋಲಾಟ, ವೀರಗಾಸೆ, ಯಾವುದು ನಿಮ್ಮ ಊರಿನದೋ ಅದನ್ನು ಹಿಡಿದು ಹೋಗಿ.

ಹಂತ 8: ದುಡಿದವರ ಹೆಸರಿಗೂ ಒಂದು ಕಾಗದ

ಸಂಘಕ್ಕೆ ಹೆಸರು ಬರುತ್ತದೆ, ಅಧ್ಯಕ್ಷರಿಗೆ ಹಾರ ಬೀಳುತ್ತದೆ. ಎರಡು ವರ್ಷ ಪ್ರತಿ ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದರೆ ಅವಳ ಕೈಯಲ್ಲಿ ಏನಿರುತ್ತದೆ? ಒಂದು ಸ್ಮರಣಿಕೆ, ಅದೂ ಗಾಜು ಬಿರಿದದ್ದು. ಅದರ ಬದಲು ಸಂಘದ ಲೆಟರ್‌ಹೆಡ್ಡಿನಲ್ಲಿ ಅನುಭವ ಪತ್ರ ಕೊಡಿ: ಯಾವ ದಿನದಿಂದ ಯಾವ ದಿನದವರೆಗೆ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಮಕ್ಕಳು, ಏನು ಕಲಿಸಿದ್ದು. ಅಂಕಿಗಳು ಹಾಜರಿ ಪುಸ್ತಕದಿಂದಲೇ ಬರಬೇಕು. ‘ಉತ್ತಮ ನಡತೆಯುಳ್ಳವರು’ ಎಂಬ ಸಾಲನ್ನು ನಂಬಿ ಯಾರೂ ಕೆಲಸ ಕೊಡುವುದಿಲ್ಲ, ‘22 ಮಕ್ಕಳಿಗೆ 14 ತಿಂಗಳು’ ಎಂದಿದ್ದರೆ ಸಂದರ್ಶನದಲ್ಲಿ ಕೇಳಲು ಒಂದು ಪ್ರಶ್ನೆ ಸಿಗುತ್ತದೆ.

ಯುವಜನರ ನಡುವೆ ಕೆಲಸ ಮಾಡುವುದೂ ಒಂದು ವಿದ್ಯೆ. ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿರುವ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆಗೆ 2012ರ ಕಾಯ್ದೆ ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂಬ ಸ್ಥಾನ ಕೊಟ್ಟಿದೆ, ಅಲ್ಲಿ ಸ್ನಾತಕೋತ್ತರ ಪದವಿ ಓದಬಹುದು. ನಿಮ್ಮಲ್ಲಿ ಒಬ್ಬರಿಗಾದರೂ ಇದು ಗೊತ್ತಿರಲಿ.

ಹಂತ 9: ಟ್ರಂಕು

ಒಬ್ಬರು ಒಂದೇ ಹುದ್ದೆಯಲ್ಲಿ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ ಎಂದು ಬೈಲಾದಲ್ಲೇ ಬರೆಯಿರಿ. ಜೊತೆ ಕಾರ್ಯದರ್ಶಿಗೆ ಮೊದಲ ವರ್ಷದಿಂದಲೇ ನಡಾವಳಿ ಬರೆಯಲು ಕೊಡಿ, ಕಚೇರಿಗೆ ಹೋಗುವಾಗ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ.

ಮತ್ತೆ ಒಂದು ತಗಡಿನ ಟ್ರಂಕು ಕೊಳ್ಳಿ. ಅದರೊಳಗೆ ನೋಂದಣಿ ಪತ್ರದ ಅಸಲು, ಬೈಲಾ, ಪಾನ್ ಕಾರ್ಡು, ಪಾಸ್‌ಬುಕ್ಕು, ಚೆಕ್ಕು, ತುಂಬಿದ ನಡಾವಳಿ ಪುಸ್ತಕಗಳು, ರಸೀದಿ ಪುಸ್ತಕಗಳ ಅಡಿಪ್ರತಿ, ವರ್ಷವರ್ಷದ ಸ್ವೀಕೃತಿ, ಪಾಸ್‌ವರ್ಡುಗಳನ್ನು ಬರೆದ ಲಕೋಟೆ, ಸೀಲು. ಮಹಾಸಭೆಯ ದಿನ ಎಲ್ಲರೆದುರು ತೆರೆದು, ಪಟ್ಟಿ ಓದಿ, ಹೊಸಬರ ಸಹಿ ಪಡೆದು ಬೀಗದ ಕೈ ಕೊಡಿ. ನಮ್ಮ ಮಂಡಲದ ಟ್ರಂಕು ಈಗ ಮೂರನೆಯವರ ಮನೆಯಲ್ಲಿದೆ. ಹೋದ ಆಗಸ್ಟಿನಲ್ಲಿ ಕಾರ್ಯದರ್ಶಿ ಹುಡುಗಿ ನನಗೆ ಫೋನು ಮಾಡಿ, ‘ಅಣ್ಣ, ನಿಮ್ಮ ಕಾಲದ ನಾಲ್ಕನೇ ವರ್ಷದ ವೋಚರುಗಳು ಇಲ್ಲವಲ್ಲ?’ ಎಂದಳು. ಇನ್ನೂ ಹುಡುಕುತ್ತಿದ್ದೇನೆ.