ನೇಮವೂ ಸ್ವಾತಂತ್ರ್ಯವೂ

ಇಷ್ಟಲಿಂಗವು ಗುರುಕರದಿಂದ ಶಿಷ್ಯನ ಕರಸ್ಥಲಕ್ಕೆ ಬರುವುದು ಸದ್ಭಕ್ತರೆಲ್ಲರೂ ಬಲ್ಲ ಸಂಗತಿ. ದೀಕ್ಷೆಯನ್ನೀಯುವವನು ಗುರು; ಅಂದಿನಿಂದ ಅದನ್ನು ಪೂಜಿಸತಕ್ಕವನು ಶಿಷ್ಯನೇ. ತನ್ನ ಪೂಜೆಯನ್ನು ಪರರ ಕೈಯಿಂದ ಮಾಡಿಸುವುದನ್ನು ಶರಣರು ಒಪ್ಪಲಿಲ್ಲ. ಹಿರಿಯರ ಆಜ್ಞೆ ಎಲ್ಲಿಯವರೆಗೆ, ಕಿರಿಯರ ಸ್ವನಿರ್ಣಯ ಎಲ್ಲಿಂದ ಎಂಬ ಪ್ರಶ್ನೆಯು ಏಳುವಲ್ಲೆಲ್ಲ ಈ ತತ್ತ್ವವು ಬೆಳಕನ್ನೀಯುತ್ತದೆ. ಅಮೆರಿಕದ ಕಾಲೇಜು ಕ್ರೀಡಾಪಟುಗಳ ವೃತ್ತಾಂತವು ಇದಕ್ಕೊಂದು ನಿದರ್ಶನ.

ಆ ದೇಶದ ಕಾಲೇಜು ಕ್ರೀಡೆಗಳ ಮುಖ್ಯ ಸಂಸ್ಥೆಯಾದ ಎನ್.ಸಿ.ಎ.ಎ.ಯ ನಿಯಮದಂತೆ, ಪಂದ್ಯಗಳು ನಡೆಯುವ ತಿಂಗಳುಗಳಲ್ಲಿ ಕಡ್ಡಾಯದ ಅಭ್ಯಾಸವು ವಾರಕ್ಕೆ 20 ಗಂಟೆಗಳನ್ನು ಮೀರತಕ್ಕದ್ದಲ್ಲ. ಆದರೆ ಪ್ರಯಾಣಾದಿಗಳು ಈ ಲೆಕ್ಕಕ್ಕೆ ಬಾರವು. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರ ಪ್ರಕರಣವನ್ನು ವಿಚಾರಿಸಿದ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿಯು, ಅವರು ಆ ತಿಂಗಳುಗಳಲ್ಲಿ ವಾರಕ್ಕೆ 40ರಿಂದ 50 ಗಂಟೆಗಳನ್ನು ಆಟಕ್ಕೇ ವ್ಯಯಿಸುತ್ತಿದ್ದರೆಂದು ಕಂಡರು. ಆ ತಂಡದ ಕೇನ್ ಕೋಲ್ಟರ್ ಅವರಿಗೆ ವೈದ್ಯವಿದ್ಯೆಯ ಕಡೆಗೆ ಹೋಗುವ ಹಂಬಲವಿದ್ದಿತು. ಬೇಕಾದ ರಸಾಯನಶಾಸ್ತ್ರದ ತರಗತಿಗೆ ಆಟದ ವೇಳೆಯು ಅಡ್ಡಬಂದುದರಿಂದ ಆ ಹಂಬಲವನ್ನು ಬಿಡಬೇಕಾಯಿತೆಂದು ಅವರು ಸಾಕ್ಷ್ಯ ನುಡಿದರು. 2015ರಲ್ಲಿ ರಾಷ್ಟ್ರೀಯ ಮಂಡಳಿಯು ಪ್ರಕರಣವನ್ನು ತೀರ್ಮಾನಿಸದೆ ಕೈಬಿಟ್ಟಿತು. ಪ್ರಶ್ನೆಯು ಮಾತ್ರ ಉಳಿಯಿತು.

ಹಾಗೆಂದು ನೇಮವೇ ಕೆಟ್ಟದ್ದೆಂದು ತಿಳಿಯಲಾಗದು. ನೇಮವಿಲ್ಲದೆ ಆಟವೂ ಇಲ್ಲ, ಆಚಾರವೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬವರ ಮತದಂತೆ, ಕಾರಣವನ್ನರಿತು ಮನಃಪೂರ್ವಕವಾಗಿ ಒಪ್ಪಿದ ನಿಯಮವು ಒಪ್ಪಿದವನದೇ ಆಗುತ್ತದೆ. ಭಯದಿಂದ ಹೊತ್ತ ನಿಯಮವು ಹೊರೆಯಾಗಿಯೇ ಉಳಿಯುತ್ತದೆ. ಮುಂಜಾನೆ ಅಭ್ಯಾಸಕ್ಕೆ ಏಳುವ ಇಬ್ಬರಲ್ಲಿ ಒಬ್ಬನು ವಿದ್ಯಾರ್ಥಿವೇತನವು ತಪ್ಪೀತೆಂದು ಏಳುವನು. ಮತ್ತೊಬ್ಬನು ಆಟದ ಮೇಲಣ ಪ್ರೀತಿಯಿಂದ ಏಳುವನು. ಹೊರಗಿನ ನಡೆ ಒಂದೇ, ಒಳಗಿನ ಸ್ಥಿತಿ ಬೇರೆ. ಅರಿವಿನೊಡಗೂಡಿದ ಆಚಾರಕ್ಕೆ ಶರಣರು ಬೆಲೆಯಿತ್ತುದು ಇದಕ್ಕಾಗಿಯೇ.

ಈಚೆಗೆ ಹೊರಗಿನ ಕಟ್ಟುಗಳು ಸಡಿಲವಾಗಿವೆ. ಬೇರೆ ಕಾಲೇಜನ್ನು ಸೇರಬಯಸುವ ಆಟಗಾರನು ಅಲ್ಲಿಯವರೊಡನೆ ಮಾತನಾಡಲು ತನ್ನ ಕಾಲೇಜಿನ ಅನುಮತಿಯನ್ನು ಬೇಡಬೇಕಾದ ಕ್ರಮವು 2018ರ ಅಕ್ಟೋಬರಿನಲ್ಲಿ ನಿಂತಿತು. 2021ರ ಜುಲೈನಿಂದ ತನ್ನ ಹೆಸರು, ಭಾವಚಿತ್ರಗಳಿಂದ ಹಣಗಳಿಸುವ ಅವಕಾಶವು ದೊರೆಯಿತು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣಕೊಡಲು ದಾರಿಯಾಯಿತು. ದುಡಿದವರಿಗೆ ಪ್ರತಿಫಲ ಸಲ್ಲುವುದು ನ್ಯಾಯವೇ ಸರಿ. ಆದರೆ ಹಳೆಯ ಒಡೆಯನು ಎದ್ದ ಪೀಠದಲ್ಲಿ ಹಣವೇ ಒಡೆಯನಾಗಿ ಕುಳಿತೀತು. 1971ರಲ್ಲಿ ಪ್ರಕಟವಾದ ಡೆಸಿಯವರ ಪ್ರಯೋಗದಲ್ಲಿ, ಒಗಟಿನ ಆಟಕ್ಕೆ ಹಣಪಡೆದ ವಿದ್ಯಾರ್ಥಿಗಳು, ಹಣವು ನಿಂತ ಬಳಿಕ ಬಿಡುವಿನಲ್ಲಿ ಆ ಆಟದತ್ತ ಮೊದಲಿನಷ್ಟು ಒಲವು ತೋರಲಿಲ್ಲ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯತಕ್ಕದ್ದು. ಕಲ್ಯಾಣದಲ್ಲಿ ಅಕ್ಕಿಯನ್ನಾಯುವ ಕಾಯಕದ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದರು. ತನ್ನ ಕೈಯನ್ನು ಮುಂದೆ ಚಾಚಿದುದು ಕಾಯಕವೋ ಆಸೆಯೋ ಎಂಬುದು ಪತಿಗೆ ತಿಳಿಯುವಂತೆ ಮಾಡಿದರು. ಹೊರಗಿನವರ ಒತ್ತಾಯದಿಂದ ಬಿಡುಗಡೆ ಪಡೆದವನು ತನ್ನೊಳಗಿನ ಆಸೆಯನ್ನೂ ಹೀಗೆಯೇ ವಿಚಾರಿಸಿಕೊಂಡಾಗ ಅವನ ನಿರ್ಣಯವು ನಿಜವಾಗಿ ಅವನದಾಗುತ್ತದೆ.

ಮಕ್ಕಳನ್ನು ಆಟಕ್ಕಾಗಲಿ ಓದಿಗಾಗಲಿ ಕಳುಹಿಸುವ ಗೃಹಸ್ಥರು ಇದನ್ನು ಮನಗಾಣಬೇಕು. ನೇಮವನ್ನು ವಿಧಿಸುವಾಗ ಕಾರಣವನ್ನು ತಿಳಿಸಬೇಕು, ಮಗನಾಗಲಿ ಮಗಳಾಗಲಿ ಒಲ್ಲೆನೆಂದರೆ ಸಿಟ್ಟಾಗದೆ ಕೇಳಬೇಕು, ಲಕ್ಕಮ್ಮನವರಂತೆ ಪ್ರಶ್ನಿಸಬೇಕು. ಅನಂತರ ನಿರ್ಣಯವನ್ನು ಅವರ ಅಂಗೈಗೇ ಬಿಡಬೇಕು. ಲಿಂಗವನ್ನು ಕರಸ್ಥಲಕ್ಕಿತ್ತ ಗುರುವು ಮಾಡುವುದೂ ಇದನ್ನೇ.