ಮಹಡಿ ಏರಿಸೋ ಮುಂಚೆ ಮೋರಿ ನೋಡು

ಅಳಿಯಾ, ಹಿಂದೂಪುರದ ಹಳೇ ಮಾಳಿಗೆ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸ್ತೀಯ ಅಂತ ನಿಮ್ಮಮ್ಮ ಹೇಳಿದಳು. ಸಂತೋಷ. ಮಾವ ಅಡ್ಡಗಾಲು ಹಾಕ್ತಾನೆ ಅಂದ್ಕೋಬೇಡ. 2011ರ ಜನಗಣತಿಯಲ್ಲೇ ಒಂದೂವರೆ ಲಕ್ಷ ದಾಟಿದ ಊರು. ಬೆಂಗಳೂರು ನೂರು ಕಿಲೋಮೀಟರು, ತೂಮಕುಂಟೆ ಕಡೆ ಫ್ಯಾಕ್ಟರಿಗಳು. ದುಡಿಯೋಕೆ ಬಂದವರಿಗೆ ತಲೆ ಮೇಲೊಂದು ಸೂರು ಬೇಡವೇ? ಎಲ್ಲರೂ ಒಂಟಿ ಮನೇನೇ ಬೇಕು ಅಂತ ಕೂತರೆ ಸುತ್ತಲಿನ ಕಡಲೆಕಾಯಿ ಹೊಲವೆಲ್ಲ ಸೈಟಾಗುತ್ತೆ. ಅದಕ್ಕಿಂತ ಊರೊಳಗೇ ಮೇಲಕ್ಕೆ ಕಟ್ಟೋದು ವಾಸಿ.

ಆದರೆ ಎಷ್ಟು ಮೇಲಕ್ಕೆ ಅನ್ನೋದನ್ನ ಬ್ಯಾಂಕಿನವರನ್ನ ಕೇಳಬೇಡ, ನಿಮ್ಮ ಬೀದಿಯನ್ನ ಕೇಳು.

ಎಂಟು ಪೋರ್ಷನ್ ಅಂತೀಯ. ಪೋರ್ಷನ್ನಿಗೆ ನಾಲ್ವರಂತೆ ಮೂವತ್ತೆರಡು ಜನ. ಒಳಚರಂಡಿ ಇರೋ ಊರಿಗೆ ಸರ್ಕಾರ ಹಿಡಿಯೋ ಲೆಕ್ಕ ತಲೆಗೆ ದಿನಕ್ಕೆ 135 ಲೀಟರು. ಅಲ್ಲಿಗೆ ದಿನಕ್ಕೆ 4,320 ಲೀಟರು ನೀರು ನಿನ್ನ ಮನೆಗೆ ಬರಬೇಕು. ಬಂದದ್ದರಲ್ಲಿ ಮುಕ್ಕಾಲಿಗೂ ಹೆಚ್ಚು ಹೊರಕ್ಕೆ ಹೋಗಬೇಕು. ಎಲ್ಲಿಗೆ ಹೋಗುತ್ತೆ? ನಿಮ್ಮ ಬಾಗಿಲ ಮುಂದಿನ ಕಲ್ಲಿನ ಮೋರಿ ನಿಮ್ಮ ತಾತ ಒಬ್ಬನೇ ಸಂಸಾರ ಮಾಡ್ತಿದ್ದ ಕಾಲದ್ದು. ಬೆಳಿಗ್ಗೆ ಎಂಟಕ್ಕೆ, ಎಲ್ಲರ ಸ್ನಾನ ಮುಗಿಯೋ ಹೊತ್ತಿಗೆ ಅದರ ಪಕ್ಕ ನಿಂತು ಒಮ್ಮೆ ನೋಡು. ಈಗಲೇ ಬಾಯಿವರೆಗೂ ಇರುತ್ತೆ. ನಿನ್ನ ಎಂಟು ಪೋರ್ಷನ್ನಿನ ಬಚ್ಚಲ ನೀರು ಸೇರಿದರೆ ತುಳುಕೋದು ಇಳಿಜಾರಿನ ಕೊನೇ ಮನೆಯವರ ಹೊಸ್ತಿಲಿಗೆ. ಅವರು ನಿನ್ನ ಜೊತೆ ಮಾತು ಬಿಟ್ಟರೆ ತಪ್ಪು ಅವರದಲ್ಲ.

ನೀರಿನ ಮಾತೂ ಅಷ್ಟೆ. ಟ್ಯಾಂಕರಿಗಾಗಿ ಬಿಂದಿಗೆ ಸಾಲಿಟ್ಟು ಬೆಳೆದ ಊರು ನಮ್ಮದು, ಗೊಲ್ಲಪಲ್ಲಿ ಜಲಾಶಯದ ಪೈಪು ಬಂದದ್ದು ಮೊನ್ನೆ ಮೊನ್ನೆ. ಬೋರು ಕೊರೆಸಿದರಾಯ್ತು ಅನ್ನಬೇಡ. ಪಕ್ಕದ ಮನೆಯ ಬೋರೂ ಅದೇ ನೆಲದ ನೀರನ್ನೇ ಎಳೀತಿರೋದು. ನಮ್ಮ ಸೀಮೆಯ ಮಳೆ ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು. ಸಾವಿರ ಚದರಡಿ ತಾರಸಿ ಮೇಲೆ ಐವತ್ತು ಸಾವಿರ ಲೀಟರ್ ಬೀಳುತ್ತೆ. ಅಷ್ಟೂ ಹಿಡಿದರೂ ನಿನ್ನ ಬಾಡಿಗೆದಾರರಿಗೆ ಹನ್ನೆರಡು ದಿನಕ್ಕೆ ಮುಗಿಯುತ್ತೆ. ಆದರೂ ಇಂಗುಗುಂಡಿ ತೋಡಿಸು. ಪೋರ್ಷನ್ ನಾಲ್ಕಕ್ಕೆ ಇಳಿಸು.

ಇನ್ನು ಸೆಟ್‌ಬ್ಯಾಕು, ಅಂದರೆ ಮನೆ ಸುತ್ತ ಬಿಡೋ ಸಂದಿ. ಮೇಸ್ತ್ರಿ ಹೇಳ್ತಾನೆ, ‘ಗೋಡೆಗೆ ಗೋಡೆ ಅಂಟಿಸೋಣ ಸಾರ್, ಆಮೇಲೆ ಅಕ್ರಮ ಸಕ್ರಮ ಮಾಡೋ ಬಿಪಿಎಸ್ ಬರುತ್ತೆ, ದಂಡ ಕಟ್ಟಿದರಾಯ್ತು’ ಅಂತ. 2015ರಲ್ಲಿ ಬಂತು, 2019ರಲ್ಲಿ ಬಂತು, ಹೌದು. ದಂಡ ಕಟ್ಟಿದರೆ ಕಾಗದ ಸರಿಹೋಗುತ್ತೆ. ಹಿಂದಿನ ಮನೆ ಅಜ್ಜಿಯ ಅಡುಗೆಮನೆ ಕಿಟಕಿಗೆ ಗಾಳಿ ಬರಲ್ಲ. ಆ ಸಂದಿಯಲ್ಲಿ ಒಬ್ಬ ಆಳು ಏಣಿ ಹಿಡಿದು ಓಡಾಡೋವಷ್ಟಾದರೂ ಜಾಗ ಇರಲಿ. ಕೆಳಗೆ ಬೈಕುಗಳಿಗೆ ಸ್ಟಿಲ್ಟು ಬಿಡು. ಇಲ್ಲದಿದ್ದರೆ ಬೈಕುಗಳೆಲ್ಲ ಬೀದಿಯಲ್ಲೇ, ಫೈರ್ ಇಂಜಿನ್ ಬಂದ ದಿನ ತಿರುಗೋಕೆ ಜಾಗ ಇರಲ್ಲ.

ನಿನ್ನ ತಮ್ಮನ ಕಥೆ ಬೇರೆ. ರಾಯದುರ್ಗ–ತುಮಕೂರು ರೈಲು ದಾರಿ ಕಲ್ಯಾಣದುರ್ಗದ ಮೇಲೆ ಹೋಗುತ್ತೆ ಅಂತ ಅಲ್ಲಿ ಸೈಟು ಹಿಡಿಯೋಕೆ ಹೊರಟಿದ್ದಾನಂತೆ. ಅಲ್ಲಿ ಹೆಚ್ಚು ಜನ ಬಂದರು ಅನ್ನೋ ತಾಪತ್ರಯ ಇನ್ನೂ ಇಲ್ಲ. ಜನ ಬರೋ ಮುಂಚೆ ದಾರಿ, ಮೋರಿ ಇವೆಯೇ ಅನ್ನೋದೇ ಪ್ರಶ್ನೆ. ಲೇಔಟಿನಲ್ಲಿ ನೂರಕ್ಕೆ ಹತ್ತು ಪಾಲು ಬಯಲು ಬಿಡಬೇಕು ಅನ್ನೋದು ನಿಯಮ. ಬ್ರೋಷರಿನಲ್ಲಿ ಅದು ಹಸಿರು ಬಣ್ಣದ ಪಾರ್ಕು. ಜಾಗಕ್ಕೆ ಹೋದರೆ ಅದೇ ವಂಕ, ಅಂದರೆ ಹಳ್ಳ, ಹರಿಯೋ ತಗ್ಗು. ವರ್ಷವೆಲ್ಲ ಒಣಗಿದ ವಂಕ ಅಂತ ಸಸಾರ ಮಾಡಬೇಡಿ. 2022ರ ಅಕ್ಟೋಬರಿನಲ್ಲಿ ಅನಂತಪುರದ ನಡಿಮಿ ವಂಕ ಉಕ್ಕಿ ಕಾಲೋನಿಗಳ ಮನೆಯೊಳಗೆ ನೀರು ನಿಂತಿತ್ತು.

ಮತ್ತೆ ನಿನ್ನ ಪ್ಲಾನಿಗೇ ಬರೋಣ. 2020ರಲ್ಲಿ ಆಂಧ್ರ ಸರ್ಕಾರ ಪಟ್ಟಣದ ಬಡವರಿಗೆ ಕೊಟ್ಟದ್ದು ಮನೆಗೆ ಒಂದು ಸೆಂಟು, 435 ಚದರಡಿ ಚಿಲ್ಲರೆ. ಇಕ್ಕಟ್ಟು ಅಂತ ನಾವು ಮೂಗು ಮುರಿದೆವು. ಈಗ ನೀನು ಒಂದೊಂದು ಪೋರ್ಷನ್ನಿಗೆ ಹಾಕಿಸಿರೋ ಪ್ಲಾನ್ ಅದಕ್ಕಿಂತ ಚಿಕ್ಕದು, ಗೊತ್ತಿದೆಯಾ?

ತಮ್ಮನಿಗೆ ಹೇಳು: ಲೇಔಟ್ ಮಂಜೂರಾತಿಯ ಎಲ್‌ಪಿ ನಂಬರು, ಋಣಭಾರ ಪತ್ರ (ಈಸಿ) ಎರಡೂ ಕಣ್ಣಾರೆ ನೋಡೋವರೆಗೂ ಅಡ್ವಾನ್ಸ್ ಕೊಡಬಾರದು. ನೀನು ಪ್ಲಾನನ್ನ ಮುನಿಸಿಪಾಲಿಟಿಗೆ ಹಾಕೋ ಮುಂಚೆ ಆ ಅಜ್ಜಿಗೂ, ಇಳಿಜಾರಿನ ಕೊನೇ ಮನೆಯವರಿಗೂ ತೋರಿಸು. ಬೇಕಾದರೆ ನಾನೂ ಜೊತೆಗೆ ಬರ್ತೀನಿ.