ತಂಡಕ್ಕೆ ಬೇಕಾದ ಕೈ

ತಮ್ಮಾ, ತಂಗೀ,

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಾಲೇಜುಗಳಿಂದ ಈ ವರ್ಷವೂ ನೀವು ಕಿಟ್ ಹೆಗಲಿಗೇರಿಸಿಕೊಂಡು ಪಂದ್ಯಗಳಿಗೆ ಹೊರಡುತ್ತೀರಿ. ಯೂನಿವರ್ಸಿಟಿ ಬ್ಲೂ ಆಗಬೇಕು, ಪೇಪರಿನಲ್ಲಿ ಫೋಟೊ ಬರಬೇಕು ಅನ್ನುವ ಆಸೆ ಇದ್ದೇ ಇರುತ್ತದೆ. ಇರಲಿ, ಆಸೆ ತಪ್ಪಲ್ಲ. ಆದರೆ ಫೋಟೊ ಹಳತಾದ ಮೇಲೂ ಹೆಸರು ಉಳಿಯಬೇಕಾದರೆ ಏನು ಮಾಡಬೇಕು? ನಮ್ಮ ರಾಜ್ಯದ ತಂಡದಲ್ಲೇ ಆಡಿ ಬೆಳೆದ ರಾಹುಲ್ ದ್ರಾವಿಡ್ ಅವರನ್ನು ನೋಡಿ ಕಲಿಯಿರಿ.

ಮೊದಲ ಮಾತು. ನಿಮ್ಮದು ಅಂತ ಒಂದು ಕೆಲಸ ಗಟ್ಟಿಯಾಗಿರಲಿ. 1991ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಮೊದಲ ರಣಜಿ ಪಂದ್ಯ ಆಡಿ 82 ರನ್ ಹೊಡೆದಾಗ ದ್ರಾವಿಡ್ ಇನ್ನೂ ಓದುತ್ತಿದ್ದ ಹುಡುಗ. ಆಮೇಲೆ ಏನೇನು ಮಾಡಿದರೂ ಬ್ಯಾಟಿಂಗಿನ ಬುನಾದಿ ಅಲುಗಾಡಲಿಲ್ಲ. ಟೆಸ್ಟಿನಲ್ಲಿ 13,288 ರನ್ ಸುಮ್ಮನೆ ಬಂದದ್ದಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ ಅನ್ನುವವನಿಗೆ ತಂಡದಲ್ಲಿ ಸಿಗುವುದು ನೀರು ಒಯ್ಯುವ ಜಾಗ.

ಎರಡನೆಯದು. ತಂಡಕ್ಕೆ ಏನು ಕಡಿಮೆಯಿದೆ ಅಂತ ಕೇಳಿ. 2003ರ ವಿಶ್ವಕಪ್ಪಿನಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಬೇಕಿತ್ತು. ದ್ರಾವಿಡ್ ಗ್ಲೌಸ್ ಹಾಕಿಕೊಂಡು ವಿಕೆಟ್ ಹಿಂದೆ ನಿಂತರು. ಬೆರಳು ನೋಯಿಸಿಕೊಳ್ಳುವ, ಚಪ್ಪಾಳೆ ಕಡಿಮೆ ಸಿಗುವ ಕೆಲಸ ಅದು. ಭಾರತ ಫೈನಲ್ ತನಕ ಹೋಯಿತು. 2006ರಲ್ಲಿ ಲಾಹೋರಿನಲ್ಲಿ ನಾಯಕರಾಗಿದ್ದವರು ತಾವೇ ಆರಂಭಕ್ಕಿಳಿದು ಸೆಹ್ವಾಗ್ ಜತೆ ಮೊದಲ ವಿಕೆಟ್ಟಿಗೆ 410 ರನ್ ಸೇರಿಸಿದರು. ಮಂಕಡ್-ಪಂಕಜ್ ರಾಯ್ ಜೋಡಿಯ ಆಗಿನ 413ರ ದಾಖಲೆಗೆ ಮೂರೇ ಕಡಿಮೆ. ಸ್ಲಿಪ್ಪಿನಲ್ಲಿ ತಾಸುಗಟ್ಟಲೆ ಬಗ್ಗಿ ನಿಂತು ಹಿಡಿದವೇ ಹೆಚ್ಚಾಗಿ, ಟೆಸ್ಟ್ ಕ್ಯಾಚುಗಳು 210. ‘ಇದು ನನ್ನ ಕೆಲಸವಲ್ಲ’ ಅಂದಿದ್ದರೆ ಇದರಲ್ಲಿ ಅರ್ಧವೂ ನಡೆಯುತ್ತಿರಲಿಲ್ಲ.

ಮೂರನೆಯದು. ಕೈಬಿಟ್ಟಾಗ ಮುಖ ಊದಿಸಿಕೊಂಡು ಕೂಡಬೇಡಿ. ನಿಧಾನ ಆಡುತ್ತಾರೆ ಅಂತ 1998ರಲ್ಲಿ ಏಕದಿನ ತಂಡದಿಂದ ಅವರನ್ನು ಹೊರಗಿಟ್ಟಿದ್ದರು. ಮರುವರ್ಷದ ವಿಶ್ವಕಪ್ಪಿನಲ್ಲಿ 461 ರನ್ ಹೊಡೆದು ಎಲ್ಲ ದೇಶದವರಿಗಿಂತ ಮುಂದಿದ್ದವರು ಅವರೇ. ಜಿಲ್ಲಾ ತಂಡದ ಪಟ್ಟಿಯಲ್ಲಿ ಹೆಸರಿಲ್ಲ ಅಂತ ನೀವು ಮೈದಾನ ಬಿಟ್ಟರೆ, ಪಟ್ಟಿ ಮಾಡಿದವರೇ ಸರಿ ಅಂತ ಒಪ್ಪಿಕೊಂಡಂತೆ.

ಇನ್ನು ಮನ್ನಣೆಯ ಮಾತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಬಂದಾಗ ದ್ರಾವಿಡ್ ನಯವಾಗಿ ಬೇಡ ಎಂದರು. ಕ್ರೀಡೆಯಲ್ಲಿ ಸಂಶೋಧನೆ ಮಾಡಿ ಗಳಿಸುವ ಮನಸ್ಸು ತಮಗಿದೆ ಎಂದರು. 2018ರಲ್ಲಿ ಅವರು ತರಬೇತಿ ಕೊಟ್ಟ ಕಿರಿಯರ ತಂಡ ವಿಶ್ವಕಪ್ ಗೆದ್ದಿತು. ದ್ರಾವಿಡ್ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಅಂತ ಕ್ರಿಕೆಟ್ ಮಂಡಳಿ ಘೋಷಿಸಿತ್ತು. ಎಲ್ಲರಿಗೂ ಸಮನಾಗಿ ಕೊಡಿ ಅಂತ ಅವರು ಪಟ್ಟು ಹಿಡಿದಾಗ ತಲಾ 25 ಲಕ್ಷವಾಯಿತು. ಅದೇ ವರ್ಷ ಐಸಿಸಿ ಹಾಲ್ ಆಫ್ ಫೇಮ್‌ಗೂ ಅವರ ಹೆಸರು ಸೇರಿತು. ಬೇಡಿದವರ ಹಿಂದೆ ಮನ್ನಣೆ ಬರುವುದಿಲ್ಲ.

ನಮ್ಮ ಘಟಪ್ರಭೆಯಲ್ಲೇ ನೋಡಿ. ಇಲ್ಲಿನ ಆಸ್ಪತ್ರೆ ಆರೋಗ್ಯಧಾಮದ ಮಾತು ಬಂದಲ್ಲೆಲ್ಲ ಡಾ. ನಾ.ಸು. ಹರ್ಡೀಕರರ ಹೆಸರೂ ಬರುತ್ತದೆ. ವೈದ್ಯಕೀಯ ಕಲಿತವರು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ ಹುಡುಗರಿಗೆ ಕವಾಯತು, ಶಿಸ್ತು ಕಲಿಸಿದರು. 1958ರಲ್ಲಿ ಪದ್ಮಭೂಷಣ ಬಂತು. ಊರು ಅವರನ್ನು ನೆನೆಯುವುದು ಮಾಡಿದ ಸೇವೆಗೆ.

ಹಾಗಾಗಿ, ಆಯ್ಕೆ ದಿನ ಸರ್ ಬಂದು ‘ಇವತ್ತು ಕೀಪರ್ ಇಲ್ಲ, ಯಾರು ನಿಲ್ತೀರಿ?’ ಅಂದರೆ ಒಬ್ಬರ ಮುಖ ಒಬ್ಬರು ನೋಡಬೇಡಿ. ಕೈ ಎತ್ತಿರಿ. ಮರುದಿನ ಬೆಳಿಗ್ಗೆ ಅರ್ಧ ತಾಸು ಮೊದಲೇ ಬಂದು ಅದನ್ನು ಕಲಿಯಿರಿ. ಬ್ಲೂ ಬಂದರೆ ಮನೆಯವರಿಗೆ ತೋರಿಸಿ, ಸಂಜೆಗೆ ಮೈದಾನಕ್ಕೆ ಬಂದು ಚಿಕ್ಕವರಿಗೆ ಬಾಲ್ ಹಾಕಿರಿ.